ನಾಯಿಯ ಗಂಟಲಿನ ಬಿಳಿ ಗೆರೆ

ನಾವು ಹೈದರಾಬಾದಿನ ಮದುವೆ ಮುಗಿಸಿ ಶಹಾಪುರಕ್ಕೆ ಮರಳಿ ಕೆಲವು ವಾರಗಳಾಗಿದ್ದವು. ನಮ್ಮ ನಾಯಿ ತಿಂದದ್ದನ್ನು ಹಾಗೇ ಕಕ್ಕತೊಡಗಿತು. ನಾವು ಊರಲ್ಲಿಲ್ಲದಾಗ ಅದು ನನ್ನ ಗೆಳೆಯನ ಮನೆಯಲ್ಲಿತ್ತು. ಕಾಲುವೆ ದಂಡೆಯಲ್ಲಿ ಭತ್ತ ಬೆಳೆಯುವ ಅವನು ಶಾಲೆಯ ಕಾಲದಿಂದ ನನ್ನ ಜೊತೆಗಾರ. ಕಾರಣವನ್ನೂ ಅವನೇ ಹೇಳಿದ: "ವೈನಿ ಮೀನಿನ ಮುಳ್ಳು ಹಾಕ್ಯಾರ. ಮತ್ತೇನಿಲ್ಲ."

ಅವನು ವೈನಿ ಎನ್ನುವುದು ನನ್ನ ಹೆಂಡತಿಗೆ. ಅವಳು ಹಾಕಿಲ್ಲ ಎಂದಳು. ಮತ್ತೊಮ್ಮೆಯೂ ಅದನ್ನೇ ಹೇಳಿದಳು. ಆಮೇಲೆ ಮೀನು ತರುವುದನ್ನೇ ಬಿಟ್ಟಳು. ನಾನು ಪತ್ರಿಕೆಯ ವರದಿಗಾರ. ಎರಡೂ ಕಡೆ ವಿಚಾರಿಸದೆ ಒಂದು ಸಾಲೂ ಬರೆಯಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಗೆಳೆಯನ ಮಾತಿಗೂ ಇನ್ನೊಂದು ಕಡೆ ಇರಬಹುದೆಂದು ನನಗೆ ಹೊಳೆಯಲಿಲ್ಲ.

ನಾಯಿಯ ಪಕ್ಕೆಲುಬು ಕಾಣತೊಡಗಿದಾಗ ಅವನದೇ ಟಂಟಂ ಆಟೋದಲ್ಲಿ ಯಾದಗಿರಿಗೆ ಹೋದೆವು. ಪಶುವೈದ್ಯೆ ತೆಗೆದ ಮೊದಲ ಎಕ್ಸ್‌ರೇಯಲ್ಲಿ ಮುಳ್ಳು ಕಾಣಲಿಲ್ಲ, ಬರೀ ನಾಯಿಯ ಎಲುಬುಗೂಡು. ಅನ್ನನಾಳ ಮೆತ್ತನೆಯದು, ಒಳಗೆ ಬಣ್ಣ ಹರಿಸಿದರಷ್ಟೇ ಅದರ ಆಕಾರ ತಿಳಿಯುತ್ತದೆ ಎಂದರು. ಗೋಡೆಗೆ ಬಳಿಯುವ ಸುಣ್ಣದಂತಿದ್ದ ಬೇರಿಯಂ ದ್ರಾವಣ ತಂದರು. ದವಡೆ ಬಿಡಿಸಿ ಹಿಡಿದವನು ಗೆಳೆಯ. ಎಷ್ಟೋ ಎತ್ತುಗಳಿಗೆ ಮದ್ದು ಕುಡಿಸಿದ ಕೈ, ಒಂದು ಹನಿ ಚೆಲ್ಲಲಿಲ್ಲ.

ಪರದೆಯ ಮೇಲೆ ಬಿಳಿ ಗೆರೆ ಕತ್ತಿನಿಂದ ಇಳಿದು, ಎದೆಯೊಳಗೆ ಚೀಲದಂತೆ ಉಬ್ಬಿ, ಅಲ್ಲಿಂದ ಮುಂದೆ ದಾರದಷ್ಟಾಗಿತ್ತು. ಒಳಗೆ ಸುಟ್ಟಿದೆ, ಗಾಯ ಮಾಯುವಾಗ ನಾಳ ಮುದುಡಿದೆ ಎಂದು ವೈದ್ಯೆ ವಿವರಿಸಿದರು.

"ಆಸಿಡ್, ಸುಣ್ಣ, ಏನರ ಕುಡದಿತ್ತೇನ್ರಿ?"

ನಾನು ಗೆಳೆಯನ ಕಡೆ ನೋಡಿದೆ. ಅವನು ನಾಯಿಯ ಬಾಯಿ ಒರೆಸುತ್ತ "ಇಲ್ರಿ ಮೇಡಂ" ಎಂದ.

ನಾಳ ಹಿಗ್ಗಿಸುವ ಚಿಕಿತ್ಸೆ ದೊಡ್ಡ ಊರಿನಲ್ಲಷ್ಟೇ ಸಿಗುತ್ತದೆ, ಅಲ್ಲಿಯವರೆಗೆ ಮುಂಗಾಲೆತ್ತಿ ನಿಲ್ಲಿಸಿ ತಿಳಿ ಅಂಬಲಿ ಕುಡಿಸಿ, ಬದುಕೀತು ಎಂಬ ಭರವಸೆ ಕೊಡಲಾರೆ ಎಂದರು.

ಮರಳುವಾಗ ಅವನ ಮನೆಯಲ್ಲಿ ಚಹಾಕ್ಕೆ ಇಳಿದೆವು. ಅವನ ತಾಯಿ ನಾಯಿಯ ತಲೆ ಸವರಿದರು.

"ಇನ್ನೂ ಆರಾಮಾಗಿಲ್ಲೇನಪಾ? ಅವತ್ತ ನೀವಿಲ್ದಾಗ ಹೊಟ್ಟಿ ಉಬ್ಬಿತ್ತಂತ ಇವ ಎತ್ತಿಗಿ ಹಾಕಿದಂಗ ಗೊಟ್ಟ ಹಾಕ್ದ. ಸುಣ್ಣ ಕಡಿಮಿ ಮಾಡೋ ಅಂದ್ರ ಕೇಳ್ಲಿಲ್ಲ."

ಗೊಟ್ಟ ಎಂದರೆ ಬಿದಿರಿನ ಕೊಳವೆ. ಹೊಟ್ಟೆಯುಬ್ಬರದ ಎತ್ತಿಗೆ ಅದರಿಂದ ಸುಣ್ಣದ ನೀರು, ತಂಬಾಕಿನ ರಸ ಸುರಿಯುವುದು ನಮ್ಮ ಕಡೆಯ ರೂಢಿ. ಎತ್ತಿನ ಅಳತೆಯದ್ದು ನಾಯಿಯ ಗಂಟಲಿಗೆ ಇಳಿದಿತ್ತು.

"ಜೀವ ಉಳೀಲಿ ಅಂತ ಹಾಕೀನಿ, ದೋಸ್ತ."

ಅದನ್ನು ನಂಬಿದೆ. ಈಗಲೂ ನಂಬುತ್ತೇನೆ.

"ಮತ್ತ ಮುಳ್ಳು?" ಎಂದೆ.

ಅವನು ಬಸಿ ತಟ್ಟೆಯ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಅವನ ತಾಯಿಗೆ ಏನೂ ಅರ್ಥವಾಗಲಿಲ್ಲ, ಇನ್ನಷ್ಟು ಚಹಾ ಸುರಿದರು.

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದೆ. ಅವಳು ಅಂಬಲಿ ಸೋಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

ಆ ಭಾನುವಾರ ಮೀನು ತಂದಳು. ನಮ್ಮಲ್ಲಿ ಮೀನು ಬೆಂದ ದಿನ ಮೊದಲ ಬಟ್ಟಲನ್ನು ನಾನೇ ಗೆಳೆಯನ ಮನೆಗೆ ಒಯ್ಯುತ್ತಿದ್ದೆ. ಅಂದೂ ಅಭ್ಯಾಸಬಲದಿಂದ ಬಟ್ಟಲು ತುಂಬಿ, ತಟ್ಟೆ ಮುಚ್ಚಿ, ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಮೆಟ್ಟಲಿಲ್ಲ. ಅವಳು ತಟ್ಟೆ ತೆಗೆದು ಸಾರನ್ನು ಗಡಿಗೆಗೆ ಮರಳಿ ಸುರಿದಳು.