ನೀರು ಹೆಚ್ಚಾಗೈತಿ

ಬಾವಿಯ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಅಂತ ಬೈಕಿನಲ್ಲಿ ಸುತ್ತುತ್ತೇನೆ. ಗೊತ್ತುಮಾಡಿದ ಬಾವಿಗೆ ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ಕಚೇರಿಗೆ ತಿಳಿಸಬೇಕು. ಅದನ್ನು ನೋಡಿಯೇ ಎಲ್ಲಿ ಹೊಸ ಬೋರು ಕೊರೆಯಬಹುದು, ಎಲ್ಲಿ ಕೂಡದು ಎಂದು ಮೇಲಿನವರು ಹೇಳುತ್ತಾರೆ.

ಸವಣೂರಿನ ಅಂಥ ಬಾವಿಗಳಲ್ಲಿ ಒಂದು ನನ್ನ ಸೋದರತ್ತೆಯ ಎಲೆತೋಟದಲ್ಲಿದೆ. ಅತ್ತೆಗೆ ಮಕ್ಕಳಿಲ್ಲ; ಆ ವೀಳ್ಯದೆಲೆ ಬಳ್ಳಿಗಳೇ ಸಂಸಾರ. ಚಪ್ಪಲಿ ಮೆಟ್ಟಿ ತೋಟದೊಳಗೆ ಕಾಲಿಟ್ಟರೆ ಮೈಲಿಗೆ. ಸರಕಾರದ ಕೆಲಸಕ್ಕೆ ಬಂದೇನಿ ಅಂದರೂ ಕೇಳುತ್ತಿರಲಿಲ್ಲ, ಬೇಲಿಯ ಹೊರಗೇ ಬಿಟ್ಟು ಬಾ ಎಂದು ಗದರುತ್ತಿದ್ದಳು. ಅವಳ ಮಾತಿಗೂ ಅಷ್ಟೇ ಮಡಿ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಳೆ ಒಡೆದರೆ ‘ಹೆಚ್ಚಿದವು’. ಡಬ್ಬಿಯಲ್ಲಿ ಅಕ್ಕಿ ತೀರಿದರೆ ‘ಹೆಚ್ಚಾಗ್ಯಾವ’. ಇಲ್ಲ ಎಂಬುದನ್ನು ನಮ್ಮ ಕಡೆ ಹೆಂಗಸರು ಹೇಳುವುದೇ ಹಾಗೆ.

ಮಳೆ ಕೈಕೊಟ್ಟ ಆ ಬೇಸಿಗೆ ನನ್ನನ್ನು ತಿಳವಳ್ಳಿ, ಚಿಕ್ಕೇರೂರಿನ ಕಡೆ ಅಟ್ಟಿದ್ದರು. ಅತ್ತೆಯ ಬಾವಿಯ ಮಟ್ಟವನ್ನು ಕಚೇರಿಯ ಹೊಸ ಸಾಹೇಬರು ಕುಂತಲ್ಲಿಂದಲೇ ಫೋನಿನಲ್ಲಿ ಅವಳನ್ನೇ ಕೇಳಿದರು. ಮೈಸೂರು ಕಡೆಯವರು. ಬಾವಿಯ ತಳ ಕಾಣುತ್ತಿತ್ತು, ಬೆಳಗಿನ ಹೊತ್ತು ಒಂದಿಷ್ಟು ಒಸರುತ್ತಿತ್ತು, ಅಷ್ಟೇ. ಅತ್ತೆ, “ನೀರು ಹೆಚ್ಚಾಗೈತ್ರಿ” ಅಂದಳು. ಅವರು ಖುಷಿಯಾಗಿ, ನೀರು ಏರಿದೆ ಎಂದು ಬರೆದುಕೊಂಡರು. ಥೂ, ಒಂದು ಸಲ ಬಂದು ಇಣುಕಿದ್ದರೆ ಅವರ ಕಾಲೇನು ಸವೆಯುತ್ತಿತ್ತೇ? ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ನೀರಿದೆಯಲ್ಲ ಎಂದು ಪಕ್ಕದ ಹೊಲದ ಬೋರಿಗೆ ಒಪ್ಪಿಗೆ ಸಿಕ್ಕಿತು. ಬಾವಿಯಲ್ಲಿದ್ದ ಒಸರನ್ನೂ ಅದು ಎಳೆದುಕೊಂಡಿತು. ಸುದ್ದಿ ತಿಳಿದು ಕಚೇರಿಗೆ ಹೋಗಿ ಜಗಳಾಡಿದೆ. ನಿಮ್ಮ ಅತ್ತೆಯೇ ಹೇಳಿದ್ದಲ್ಲವೇ ಅಂದರು ಸಾಹೇಬರು. ಆ ಮಾತಿನ ಅರ್ಥ ಬಿಡಿಸಿ ಹೇಳಿ, ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ, ನೋಡೋಣ ಅನ್ನುವಷ್ಟರಲ್ಲಿ ಬೋರು ಹಗಲೂ ರಾತ್ರಿ ಓಡುತ್ತಿತ್ತು. ಎಲೆಬಳ್ಳಿ ಅಷ್ಟು ದಿನ ಕಾಯುವುದಿಲ್ಲ.

ಮತ್ತೆ ಅಳೆಯಲು ಹೋದಾಗ ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಬಳ್ಳಿಗಳು ಬುಡದಿಂದ ತುದಿಯವರೆಗೆ ಒಣಗಿ ನಿಂತಿದ್ದವು. ಬೇಲಿಯ ಹತ್ತಿರ ಚಪ್ಪಲಿ ಬಿಡಲು ಬಗ್ಗಿದೆ.

“ಇರ್ಲಿ, ಮೆಟ್ಟಿಕೊಂಡ ಬಾ” ಅಂದಳು.

ಟೇಪು ಇಳಿಬಿಟ್ಟೆ. ತುದಿ ತಳಕ್ಕೆ ತಾಗಿ ಬರೀ ಮಣ್ಣು ಹತ್ತಿಕೊಂಡು ಬಂತು. ಅದನ್ನು ಒರೆಸಿ, ಬರೆದುಕೊಳ್ಳಲು ಪುಸ್ತಕ ತೆಗೆದೆ. ಅತ್ತೆಯೇ ಬಾಯಿಬಿಟ್ಟಳು. ಆ ಅಪಶಕುನದ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಬತ್ತಿಹೋಗೈತಿ ಅಂತ ಬರಿ. ಸಾಹೇಬ್ರಿಗೆ ತಿಳಿಯುವಂಗ ಬರಿ.”