ಜಟ್ಟೆಪ್ಪ ಮಾಸ್ತರರ ಸಿಟ್ಟು

ಬೈಲಹೊಂಗಲದ ನಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಜಟ್ಟೆಪ್ಪ ಮಾಸ್ತರರು ಸಿಟ್ಟಿಲ್ಲದೆ ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಮತದಾರರ ಪಟ್ಟಿ ತಿದ್ದಿರಿ, ಬಿಸಿಯೂಟದ ಅಕ್ಕಿ ಅಳೆಯಿರಿ ಎಂದು ಆದೇಶ ಬಂದರೆ, "ಲೆಕ್ಕ ಯಾವಾಗ ಕಲಿಸಲಿ, ಕನಸಿನ್ಯಾಗೇನ್ರಿ?" ಎಂದು ಹೆಡ್‌ಮಾಸ್ತರರ ಮೇಲೆ ಹರಿಹಾಯುತ್ತಿದ್ದರು. ಶಾಲೆಯ ಕಂಪ್ಯೂಟರುಗಳು ಬಳಸಿದರೆ ಕೆಟ್ಟುಹೋದಾವೆಂದು ಹೆಡ್‌ಮಾಸ್ತರರು ಅವಕ್ಕೆ ಬಟ್ಟೆ ಹೊದಿಸಿ ಕೋಣೆಗೆ ಕೀಲಿ ಹಾಕಿದ್ದರು. ನಾವು ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯಲ್ಲಿ, ಇಂಟರ್ನೆಟ್ಟಿನಲ್ಲೇ ಗೆಳೆಯರನ್ನು ಕೂಡಿಸುವ ಆರ್ಕುಟ್ ಕಲಿತೆವು. ಮಾಸ್ತರರು ಅಲ್ಲಿಗೂ ನುಗ್ಗಿ, "ಮುನ್ನೂರು ಮಂದಿ ಗೆಳ್ಯಾರೇನಲೇ ನಿನಗ? ಹದಿಮೂರರ ಮಗ್ಗಿ ಬರಾಂಗಿಲ್ಲ!" ಎಂದು ಕಿವಿ ಹಿಡಿದು ಎಬ್ಬಿಸುತ್ತಿದ್ದರು. ನಮಗೆ ನಗು ಬರುತ್ತಿತ್ತು, ನಾಚಿಕೆ ಬರಬೇಕಿತ್ತು. ಎರಡು ಸಾವಿರದ ಎಂಟರಲ್ಲಿ ನಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ಸಹಪಾಠಿ ಪ್ರಣಿತಾಳ ಫೋಟೋವನ್ನು ಆರ್ಕುಟ್‌ನಲ್ಲಿ ಹಾಕಿ, ಅವಳೇ ಬರೆದಂತೆ ಹೊಲಸು ಮಾತು ಬರೆದ. ಅವನ ಅಪ್ಪ ಆಡಳಿತ ಮಂಡಳಿಯಲ್ಲಿದ್ದುದರಿಂದ ಅವನಿಗೆ ಏನೂ ಆಗಲಿಲ್ಲ. ಪ್ರಣಿತಾಳನ್ನು ಮಾತ್ರ ಮನೆಯವರು ಶಾಲೆ ಬಿಡಿಸಿದರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮಾಸ್ತರರು ದಿನಾ ಬೆಳಿಗ್ಗೆ ಅವಳ ಹೆಸರು ಕೂಗಿ, ಉತ್ತರ ಬಾರದಿದ್ದರೂ ಹಾಜರಿ ಹಾಕುತ್ತಿದ್ದರು. ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಲೆಕ್ಕ ಹೇಳಿಕೊಡುತ್ತಿದ್ದರು. ಗೊತ್ತಾದ ದಿನ ಹೆಡ್‌ಮಾಸ್ತರರು ತರಗತಿಗೇ ಬಂದು ಹಾಜರಿ ಪುಸ್ತಕ ಕಸಿದುಕೊಂಡರು. "ಸಾಲಿಗೆ ಬಾರದ ಹುಡುಗಿಗೆ ಹಾಜರಿ ಹೆಂಗ ಹಾಕಿದ್ರಿ? ನೌಕರಿ ಹೋಗತೈತಿ!" ಮಾಸ್ತರರು ಮೆಲ್ಲಗೆ ಅಂದರು: "ಫೋಟೋ ಹಾಕಿದಾಂವ ದಿನಾ ಬಂದು ಮುಂದಿನ ಬೆಂಚಿನ್ಯಾಗ ಕುಂದರತಾನ್ರಿ. ಗೈರುಹಾಜರಿ ಆಕಿಗ್ಯಾಕ?" ಪುಸ್ತಕ ಇಸಿದುಕೊಂಡು, ಅವರ ಕಣ್ಣೆದುರೇ ಪ್ರಣಿತಾಳ ಆ ದಿನದ ಹಾಜರಿಯನ್ನೂ ಹಾಕಿದರು.