ಹಬ್ಬದ ಪಿಕ್ಚರು, ಮೂರು ಗಂಟೆ ಬಸ್ಸು

ನಮ್ಮೂರಿಗೆ ಕೇಬಲ್ ಬಂದ ಮೇಲೆ ಹಬ್ಬದ ದಿನ ಮಧ್ಯಾಹ್ನ ಟೀವಿಯಲ್ಲಿ ಪ್ರೀತಿಯ ಪಿಕ್ಚರು ಹಾಕುವುದು ಶುರುವಾಯಿತು. ಟಾಕೀಸಿಗೆ ಬಂದು ಹೋದ ಪಿಕ್ಚರಲ್ಲ, ಟೀವಿಯವರೇ ಹಬ್ಬಕ್ಕೆಂದು ಮಾಡಿಸಿದ್ದು. ಗೌರಿಗೊಂದು, ದೀಪಾವಳಿಗೊಂದು, ಸಂಕ್ರಾಂತಿಗೊಂದು, ಯುಗಾದಿಗೊಂದು. ಹುಡುಗಿ ರಜಕ್ಕೆ ಹಳ್ಳಿಗೆ ಬರುತ್ತಾಳೆ, ಹುಡುಗ ಸಿಗುತ್ತಾನೆ, ಜಗಳವಾಗುತ್ತದೆ, ಹಬ್ಬದ ದಿನ ಸರಿಹೋಗುತ್ತದೆ. ಎರಡೂಕಾಲಿಗೆ ಶುರುವಾದರೆ ನಾಲ್ಕೂವರೆಗೆ ಮದುವೆ ನಿಶ್ಚಯ. ನನಗೆ ಅವುಗಳ ಹುಚ್ಚು. ಹೋಳಿಗೆ ಕೆಲಸವನ್ನು ಬೆಳಗಿನ ಜಾವಕ್ಕೆ ತಳ್ಳಿ, ಎಡೆ ಇಟ್ಟು, ಊಟ ಮುಗಿಸಿ, ಪಾತ್ರೆಯನ್ನು ಹಾಗೇ ಬಿಟ್ಟು ಬಂದು ಕೂರುತ್ತಿದ್ದೆ. ಕೊನೆ ನೋಡದೆ ಎದ್ದು ಹೋದದ್ದು ಒಂದೇ ಒಂದು ಸಲ.

ಇಷ್ಟಪಟ್ಟು ನೋಡಿದೆ ಎಂದರೆ ಒಪ್ಪಿ ನೋಡಿದೆ ಎಂದಲ್ಲ. ದೀಪಾವಳಿ ಎನ್ನುತ್ತಾರೆ, ಹಿಂದೆ ಮಾವಿನ ಮರದಲ್ಲಿ ಕಾಯಿ ಗೊಂಚಲು ಜೋತಾಡುತ್ತಿರುತ್ತದೆ. ಬಯಲಲ್ಲಿ ಹಚ್ಚಿಟ್ಟ ನೂರು ದೀಪದಲ್ಲಿ ಒಂದೂ ಗಾಳಿಗೆ ಆರುವುದಿಲ್ಲ. ಉಗುರಿಗೆ ಬಣ್ಣ ಹಚ್ಚಿದ ಹುಡುಗಿ ಒಂದೇ ಏಟಿಗೆ ತೆಂಗಿನಕಾಯಿಯನ್ನು ಸಮ ಎರಡು ಹೋಳು ಮಾಡುತ್ತಾಳೆ, ಒಂದು ತೊಟ್ಟು ನೀರು ಸೀರೆಗೆ ಬೀಳುವುದಿಲ್ಲ. ಐವತ್ತು ವರ್ಷ ಕಾಯಿ ಒಡೆದ ನನಗೇ ಹತ್ತರಲ್ಲಿ ನಾಲ್ಕು ಸೊಟ್ಟ ಒಡೆಯುತ್ತವೆ. ಹುಡುಗ ಕೊನೆಯಲ್ಲಿ ಬಸ್‌ಸ್ಟ್ಯಾಂಡಿಗೆ ಓಡುತ್ತಾನೆ. ಬಸ್ಸಿಗೊಂದು ಟೈಮು ಇರುತ್ತದೆ, ಅರ್ಧ ಗಂಟೆ ಮೊದಲೇ ಹೋಗಿ ಕೂರಬಾರದೇ? ಕಿಬ್ಬನಹಳ್ಳಿ ಕ್ರಾಸಿನ ಟೈಲರ್ ಸಾಹೇಬರಿಗೂ ಇವುಗಳ ಗೀಳು. ಅವರು ನೋಡುತ್ತಿದ್ದದ್ದು ಕಥೆಯನ್ನಲ್ಲ. "ಆಯಮ್ಮನ ಬ್ಲೌಸ್ ತೋಳು ಎಳೀತದೆ ಕಣಜ್ಜಿ, ಯಾವನ್ ಕಟಿಂಗ್ ಮಾಡಿದ್ನೋ" ಎನ್ನುತ್ತಿದ್ದರು.

ಮುದುಕಿಯರಿಗೆ ಇವುಗಳಲ್ಲಿ ಎರಡೇ ಕೆಲಸ. ಆಶೀರ್ವಾದ ಮಾಡಬೇಕು, ಇಲ್ಲವೇ ಅಡ್ಡ ನಿಲ್ಲಬೇಕು. ಅಡ್ಡ ನಿಂತವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. "ಸರ್ಕಳೇ ಅತ್ಲಾಗೆ" ಎಂದು ಕೂತಲ್ಲಿಂದಲೇ ಬಯ್ಯುತ್ತಿದ್ದೆ.

ಪಕ್ಕದಲ್ಲಿ ಸೊಸೆ ಕೂರುತ್ತಿದ್ದಳು. ಅವಳು ಬೇಕೇ ಬೇಕಿತ್ತು. ನಾನು ಓದಿದ್ದು ಮೂರನೇ ಕ್ಲಾಸು. ಟೀವಿಯಲ್ಲಿ 'ಆರು ತಿಂಗಳ ನಂತರ' ಎಂದೇನೋ ಅಕ್ಷರ ಬಂದರೆ ನಾನು ಒಂದೊಂದೇ ಕೂಡಿಸುವಷ್ಟರಲ್ಲಿ ಅದು ಮಾಯವಾಗಿರುತ್ತಿತ್ತು. ಅವಳು ತಟ್ಟನೆ ಓದಿ ಹೇಳುತ್ತಿದ್ದಳು. ಯಜಮಾನರು ಜಗಲಿಯಲ್ಲಿ ಟೀವಿಗೆ ಬೆನ್ನು ಮಾಡಿ ಕೂತು, "ನಂಗ್ಯಾಕೆ ಆ ಸುಡುಗಾಡು" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದಲೇ, "ಆ ಹುಡುಗ ಜೀಪ್ ತಗಂಡು ಎಲ್ಲಿಗೋದ?" ಎಂದು ಕೇಳುತ್ತಿದ್ದರು.

ನನ್ನ ಮಗ ಮದುವೆಯಾದ ಎರಡನೇ ವರ್ಷವೇ ಕಾಮಾಲೆಯಲ್ಲಿ ಹೋದ. ಮಕ್ಕಳಾಗಿರಲಿಲ್ಲ. ಸೊಸೆ ತವರಿಗೆ ಹೋಗಲಿಲ್ಲ, ಹೋಗು ಎಂದು ನಾವೂ ಹೇಳಲಿಲ್ಲ. ಹಾಗೇ ಆರು ವರ್ಷವಾಯಿತು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಹೋಗುವ ಮೂರು ಗಂಟೆ ಬಸ್ಸಿಗೆ ಕ್ರಾಸಿಗೆ ಹೋಗಿ, ಟೈಲರ್ ಸಾಹೇಬರಿಂದ ಬ್ಲೌಸುಗಳನ್ನು ತಂದು ಮನೆಯಲ್ಲಿ ಹುಕ್ಕು ಹೊಲಿದು ಕೊಡುತ್ತಿದ್ದಳು.

ಆ ವರ್ಷದ ಗೌರಿಹಬ್ಬಕ್ಕೆ ಅವಳು ಪಿಕ್ಚರಿನ ನಡುವೆ ಎದ್ದಳು.

"ಎಲ್ಲಿಗ್ಹೊಂಟೆ? ಈಗ ಜಗಳ ಬತ್ತದೆ."

"ಅಟ್ಟದ ಮ್ಯಾಲೆ ಕಾಯಿ ಅಲ್ಲಾಡಿಸಿ ನೋಡಿ ಬತ್ತೀನತ್ತೆ."

ನಾನು ಟೀವಿಯ ಗುಂಗಿನಲ್ಲಿ ಹೂಂ ಎಂದೆ. ಏಣಿ ಹತ್ತಿದ ಸದ್ದು ಕೇಳಿತು. ನಮ್ಮ ನಡುಮನೆಯ ಮೇಲೇ ಅಟ್ಟ, ಅದಕ್ಕೆ ಅಡಕೆ ಮರದ ದಬ್ಬೆಯ ಹಾಸು. ಮೇಲೆ ಯಾರಾದರೂ ನಡೆದರೆ ನಾರಿನ ಪುಡಿ ಕೆಳಗೆ ಉದುರುತ್ತದೆ. ಅವತ್ತು ಹೀರೋಯಿನ್ ತಲೆಯ ಮೇಲೆ ಉದುರಿತು. ಅದನ್ನು ಒರೆಸಲು ಎದ್ದಾಗ ಹೊಳೆಯಿತು. ಆ ಕಾಯಿಗಳನ್ನು ಅಟ್ಟಕ್ಕೆ ಹಾಕಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಆಮೇಲೆ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಅಲ್ಲಿಯವರೆಗೆ ನೀರಿನ ಸದ್ದು, ಅಷ್ಟೇ. ಇದು ನಮ್ಮ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನೀರಿರುವ ಕಾಯಿಯನ್ನು ಯಾವಳಾದರೂ ಹಬ್ಬದ ದಿನ ಅಲ್ಲಾಡಿಸಿ ನೋಡುತ್ತಾಳೆಯೇ?

ದೀಪಾವಳಿಗೂ ಅದೇ ಆಯಿತು. ಮೂರಕ್ಕೆ ಐದು ನಿಮಿಷ ಇದ್ದಾಗ ಎದ್ದಳು, ಮೂರೂಕಾಲಿಗೆ ಇಳಿದಳು. ಅಷ್ಟರಲ್ಲಿ ಯಾವುದೋ ಅಕ್ಷರ ಬಂದು ಹೋಗಿ ನನಗೆ ಕಥೆಯೇ ತಪ್ಪಿತು. ಹುಡುಗಿಗೆ ಏಕಾಏಕಿ ಕನ್ನಡಕ ಬಂದಿತ್ತು. ಏಕೆಂದು ಇವತ್ತಿಗೂ ಗೊತ್ತಿಲ್ಲ.

ಸಂಕ್ರಾಂತಿಗೆ ನನಗೆ ತಡೆಯಲಾಗಲಿಲ್ಲ. ಅವಳು ಎದ್ದ ಐದು ನಿಮಿಷಕ್ಕೆ, ಬಾಯಲ್ಲಿ ಎಳ್ಳುಬೆಲ್ಲ ಹಾಗೇ ಇಟ್ಟುಕೊಂಡು, ಮಂಡಿನೋವಿಗೆ ಬಯ್ದುಕೊಂಡು ಏಣಿ ಹತ್ತಿದೆ. ಅಟ್ಟಕ್ಕೆ ಗಾಳಿ ಆಡಲೆಂದು ರಸ್ತೆ ಕಡೆಗೊಂದು ಪುಟ್ಟ ಕಿಟಕಿ ಇದೆ. ಅವಳು ಅಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಕಾಯಿ ಹಿಡಿದಿದ್ದಳು, ಅಲ್ಲಾಡಿಸುತ್ತಿರಲಿಲ್ಲ.

"ಹೆಂಗವೆ ಕಾಯಿ?"

ಬೆಚ್ಚಿ ತಿರುಗಿದಳು. "ಇನ್ನೂ ನೀರದೆ ಅತ್ತೆ."

"ಸರ್ಕ ಅತ್ಲಾಗೆ."

ಕಿಟಕಿಗೆ ಮುಖ ಕೊಟ್ಟೆ. ಮೂರು ಗಂಟೆ ಬಸ್ಸು ನಮ್ಮ ಮನೆಯೆದುರು ನಿಂತಿತ್ತು. ಹತ್ತುವವರಿಲ್ಲ, ಇಳಿಯುವವರಿಲ್ಲ. ಡ್ರೈವರ್ ಕೆಳಗಿಳಿದು ಮುಂದಿನ ಟೈರನ್ನು ಒದೆಯುತ್ತಿದ್ದ. ಒಂದು ಸಲ ಒದ್ದ, ಸುತ್ತ ನೋಡಿದ, ಮತ್ತೊಂದು ಸಲ ಒದ್ದ. ಆಮೇಲೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅಲ್ಲಿ ಕಂಡದ್ದು ನನ್ನ ಮುಖ. ಬಸ್ಸು ಹತ್ತಿದ ಬಿರುಸಿಗೆ ಅವನ ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಕಂಡಕ್ಟರ್ ಇಳಿದು ಎತ್ತಿಕೊಟ್ಟ.

ಹಬ್ಬದ ದಿನ ಟೈಲರ್ ಅಂಗಡಿ ಮುಚ್ಚಿರುತ್ತದೆ. ಅವಳು ಬಸ್ಸಿಗೆ ಹೋಗುವಂತಿಲ್ಲ, ಅದಕ್ಕೆ ಬಸ್ಸೇ ನಿಲ್ಲುತ್ತಿತ್ತು. ಪಿಕ್ಚರಿನಲ್ಲಾಗಿದ್ದರೆ ಅಲ್ಲೊಂದು ಹಾಡು ಹಾಕುತ್ತಿದ್ದರು. ನಮ್ಮಲ್ಲಿ ಬಸ್ಸಿನೊಳಗಿನ ಜನ ಬಯ್ಯುತ್ತಿದ್ದರು. ಇಬ್ಬರೂ ಏಣಿ ಇಳಿದು ಬಂದು ಟೀವಿ ಮುಂದೆ ಕೂತೆವು.

ಆಮೇಲಿನ ಎರಡು ತಿಂಗಳು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೇರಿದ ರಾಗಿಯನ್ನೇ ಮತ್ತೆ ಕೇರಿದೆ. ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವುದು ನಮ್ಮಲ್ಲಿ ಹೊಸದೇನಲ್ಲ, ಅದಕ್ಕೆ ಕೂಡಿಕೆ ಎನ್ನುತ್ತಾರೆ. ದೀಪ ಹಚ್ಚಿದ ಮೇಲೆ, ವಾಲಗವಿಲ್ಲದೆ, ನಾಲ್ಕು ಜನರ ಮುಂದೆ ಸೀರೆ ಕೊಟ್ಟು ಮುಗಿಸುತ್ತಾರೆ. ಆದರೆ ಮಾತೆತ್ತಬೇಕಾದವರು ಮನೆಯ ಹಿರಿಯರು. ಅವಳೇ ಕೇಳಿದರೆ ಊರಿನವರು ಆಡಿಕೊಳ್ಳುತ್ತಾರೆ. ಅಂದರೆ ನಾನು ಬಾಯಿ ಬಿಡುವವರೆಗೆ ಅವಳು ಅಟ್ಟ ಹತ್ತುತ್ತಲೇ ಇರಬೇಕು, ಅವನು ಟೈರು ಒದೆಯುತ್ತಲೇ ಇರಬೇಕು. ಬಾಯಿ ಬಿಡಲು ನನಗೇನು ಅಡ್ಡ ಬಂದಿತ್ತು? ನೇರವಾಗಿ ಹೇಳುತ್ತೇನೆ. ಅವಳು ಹೋದರೆ ಕೊಟ್ಟಿಗೆ ಕೆಲಸಕ್ಕೆ ಯಾರು, ನನಗೆ ಅಕ್ಷರ ಓದಿ ಹೇಳಲು ಯಾರು ಎಂದು ಲೆಕ್ಕ ಹಾಕುತ್ತಿದ್ದೆ. ಮಗನ ನೆನಪು, ಮನೆತನದ ಮರ್ಯಾದೆ ಎಂದೆಲ್ಲ ಹೇಳಿದರೆ ಸುಳ್ಳಾಗುತ್ತದೆ.

ಯುಗಾದಿಯ ಪಿಕ್ಚರಿನಲ್ಲಿ ಅಡ್ಡ ನಿಲ್ಲುವ ಅತ್ತೆ ಒಬ್ಬಳು ಬಂದಳು. ಕಿವಿ ತುಂಬ ಓಲೆ, ಮೂಗಿನ ತುಂಬ ಸಿಟ್ಟು. "ಸರ್ಕಳೇ" ಎನ್ನಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಮುಚ್ಚಿದೆ. ಅಷ್ಟರಲ್ಲಿ ಟೀವಿಯ ಮೇಲೆ ನಾರಿನ ಪುಡಿ ಉದುರಿತು. ಪಕ್ಕ ನೋಡಿದರೆ ಸೊಸೆ ಇರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಹೊರಗೆ ಹೊರಟೆ.

"ಎಲ್ಲಿಗೆ?" ಎಂದರು ಯಜಮಾನರು.

"ಕ್ರಾಸಿಗೆ."

"ಹಬ್ಬದ ದಿನ ಏನದೆ ಕ್ರಾಸಲ್ಲಿ?"

"ಟೈರು."

ಬಸ್ಸು ಬಂದು ನಿಂತಿತು. ಅವನು ಇಳಿಯುವ ಮೊದಲೇ ನಾನು ಹತ್ತಿ, ಅವನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕೂತೆ. ಸುಡುತ್ತಿತ್ತು. ಕೆಳಗೆ ಸೆರಗು ಮಡಿಸಿ ಹಾಕಿಕೊಂಡೆ.

"ನಡಿ. ಇವತ್ತು ನಾನೇ ಟೈರ್ ವಿಚಾರಕ್ಕೆ ಬಂದಿವ್ನಿ."

"ಯಾವ ಟೈರಜ್ಜಿ?"

"ಹಬ್ಬ ಹಬ್ಬಕ್ಕೂ ಒದೀತಿಯಲ್ಲ, ಅದು."

ಗೇರು ಕರ್ರ್ ಎಂದಿತು. "ಗಾಳಿ ಕಮ್ಮಿ ಇರ್ತದೆ."

"ಹಬ್ಬದ ದಿನವೇ ಕಮ್ಮಿ ಆಯ್ತದಾ?"

ಹಿಂದಿನ ಸೀಟಿನವನು ಕತ್ತು ಚಾಚಿ, "ಏನಣ್ಣ, ಪಂಚರ್ರಾ?" ಎಂದ. "ಇಲ್ಲ ಕಣ್ಲಾ, ಸುಮ್ಕೆ ಕೂತ್ಕ" ಎಂದ ಡ್ರೈವರ್. ಕಿವಿ ಕೆಂಪಾಗಿತ್ತು. ಆಮೇಲೆ ಕ್ರಾಸಿನವರೆಗೂ, ದಾರಿ ಖಾಲಿ ಇದ್ದರೂ, ಹಾರನ್ ಬಾರಿಸುತ್ತಲೇ ಹೋದ.

ಕ್ರಾಸಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಅವನನ್ನು ಟೀ ಅಂಗಡಿಯ ಬೆಂಚಿನಲ್ಲಿ ಕೂರಿಸಿದೆ. ನಲವತ್ತರ ಹತ್ತಿರದವನು, ಹೆಂಡತಿ ತೀರಿ ಐದು ವರ್ಷ, ಮಕ್ಕಳಿಲ್ಲ, ಅಮ್ಮ ಇದ್ದಾರೆ. ಇಷ್ಟನ್ನು ಅವನೇ ಹೇಳಿದ.

"ಕುಡೀತೀಯಾ?" ಎಂದೆ.

"ಹೂಂ ಅಜ್ಜಿ. ನಿಮಗೂ ಒಂದು ಹೇಳ್ಲಾ?"

"ಟೀ ಅಲ್ಲ ಕಣಪ್ಪ."

"ಓ. ಇಲ್ಲಜ್ಜಿ."

"ಸುಳ್ಳು ಬ್ಯಾಡ."

"ಮಾರಿಹಬ್ಬಕ್ಕೊಂದ್ಸಲ."

"ಅವಳ ಹತ್ರ ಏನು ಮಾತಾಡ್ತಿ?"

ಬಂದ ಟೀ ಲೋಟವನ್ನು ತಿರುಗಿಸಿದ. "ಹತ್ತುವಾಗ 'ಹುಷಾರು' ಅಂತೀನಿ. ಇಳಿಯುವಾಗ 'ನಿಧಾನ' ಅಂತೀನಿ. ಅಷ್ಟೇ."

"ಅವಳೇನಂತಾಳೆ?"

"ಮೊದಲನೇದಕ್ಕೆ 'ಹೂಂ' ಅಂತಾಳೆ. ಎರಡನೇದಕ್ಕೆ ನಗ್ತಾಳೆ."

ಪಿಕ್ಚರಿನ ಹುಡುಗರು ಎರಡು ಗಂಟೆ ಮಾತಾಡುತ್ತಾರೆ. ಎರಡೇ ಮಾತಿನಲ್ಲಿ ಇಷ್ಟು ಹೇಳಿದವನನ್ನು ನಾನು ಒಂದರಲ್ಲೂ ನೋಡಿಲ್ಲ. "ನಾಳಿದ್ದು ಬೆಳಗ್ಗೆ ನಿಮ್ಮಮ್ಮನ್ನ ಕರ್ಕಂಡು ಮನೆಗೆ ಬಾ" ಎಂದು ಹೇಳಿ, ಎದುರು ಬಂದ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಸೊಸೆ ಒಲೆಯ ಮುಂದೆ ಕೂತು ಉಳಿದ ಹೋಳಿಗೆ ಬಿಸಿ ಮಾಡುತ್ತಿದ್ದಳು. ಮುಖ ಎತ್ತಲಿಲ್ಲ.

"ಪಿಕ್ಚರು ಏನಾಯ್ತೇ ಕೊನೀಗೆ?"

"ನಾನೂ ನೋಡ್ಲಿಲ್ಲ."

"ನಾಳಿದ್ದು ಬತ್ತಾನೆ. ಅವರಮ್ಮನ್ನೂ ಕರ್ಕಂಡು."

ಇಂಥ ಜಾಗದಲ್ಲಿ ಪಿಕ್ಚರಿನ ಸೊಸೆ ಅತ್ತೆಯ ಕಾಲಿಗೆ ಬೀಳುತ್ತಾಳೆ. ನನ್ನ ಸೊಸೆ ಸೌಟನ್ನು ಹೆಂಚಿನ ಮೇಲೆ ಕುಕ್ಕಿದಳು.

"ನೀವು ಬಸ್ ಹತ್ತಿದ್ದು ಕಿಟಕೀಲಿ ನೋಡ್ದೆ. ಅವನ್ನ ಕೇಳಕ್ಕೆ ಕ್ರಾಸಿನ ತನಕ ಹೋದ್ರಿ. ನಾನು ಇಲ್ಲೇ ಅಟ್ಟದ ಮ್ಯಾಲೆ ಇದ್ದೆ. ನನ್ನ ಒಂದು ಮಾತು ಕೇಳಿದ್ರಾ?"

ನಾನು ಬಾಗಿಲಿಗೆ ಒರಗಿ ನಿಂತೆ. ಕೇಳಿರಲಿಲ್ಲ. ಮಗನಿಗೆ ತಂದಾಗಲೂ ಅವಳನ್ನು ಯಾರೂ ಕೇಳಿರಲಿಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ. ಹೋಳಿಗೆ ಸೀಯುವ ವಾಸನೆ ಬಂತು, ಇಬ್ಬರೂ ತೆಗೆಯಲಿಲ್ಲ.

"ಆಯ್ತು ಬುಡು, ಈಗ ಕೇಳ್ತೀನಿ" ಎಂದೆ. "ಬೇಕಾ?"

ಅವಳು ಹೋಳಿಗೆ ಮಗುಚಿದಳು, ಕರಿ ಕೆರೆದಳು, ತಟ್ಟೆಗೆ ಹಾಕಿದಳು.

"ಬೇಕು" ಎಂದಳು. "ಆದ್ರೆ ಹಗಲು ಹೊತ್ತಲ್ಲಿ ಆಗಬೇಕು. ಕತ್ತಲಲ್ಲಿ ಬ್ಯಾಡ."

ಜಗಲಿಯಿಂದ ಯಜಮಾನರ ದನಿ ಬಂತು. "ಟೈರು ಸರಿ ಇತ್ತಾ?"

ದಿನವೂ ರಸ್ತೆಗೆ ಮುಖ ಮಾಡಿ ಕೂರುವ ಮನುಷ್ಯ. ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಎರಡು ದಿನ ನಾನು ಅವರ ಜತೆ ಮಾತು ಬಿಟ್ಟೆ.

ಹಗಲು ಕೂಡಿಕೆಗೆ ನಂಟರು ಕೊಸರಾಡಿದರು. ಹಿಂದಿನಿಂದ ಹಾಗೆ ನಡೆದಿಲ್ಲ ಎಂದರು. ನಡೆದಿಲ್ಲದಿದ್ದರೆ ಈಗ ನಡೆಯಲಿ, ಬರುವವರು ಬನ್ನಿ ಎಂದೆ. ಬೆಳಗ್ಗೆ ಹನ್ನೊಂದು ಗಂಟೆಗೆ ಬಿಸಿಲಲ್ಲಿ ಚಪ್ಪರದ ಕೆಳಗೆ ಆಯಿತು. ಒಂದು ಜೊತೆ ವಾಲಗವನ್ನೂ ಕರೆಸಿದೆ. ಅವಳ ಬ್ಲೌಸಿನ ತೋಳು ಎಳೆಯಲಿಲ್ಲ, ಟೈಲರ್ ಸಾಹೇಬರೇ ಕಟಿಂಗ್ ಮಾಡಿದ್ದರು.

ಮುಂದಿನ ವರ್ಷದ ಯುಗಾದಿಗೆ ಅದೇ ಪಿಕ್ಚರನ್ನು ಮತ್ತೆ ಹಾಕಿದರು. ಸೊಸೆ ಇರಲಿಲ್ಲ, ಹೊಸ ಅತ್ತೆಮನೆಯಲ್ಲಿ ಹಬ್ಬ. ಈ ಸಲ ಕೊನೆ ನೋಡಿಯೇ ಬಿಡುತ್ತೇನೆಂದು ಕೂತೆ. ಕೂತವಳು ನಾಲ್ಕು ಸಲ ಎದ್ದೆ. ಮೂರು ಗಂಟೆಯ ಹೊತ್ತಿಗೆ ಕಾಲು ತಾನಾಗಿ ಏಣಿಯ ಕಡೆ ಹೋಯಿತು, ವಾಪಸು ಬಂದು ಕೂತೆ. ಏನೋ ಅಕ್ಷರ ಬಂತು, 'ಒಂದು' ಎನ್ನುವಷ್ಟರಲ್ಲಿ ಹೋಯಿತು. ಅಡ್ಡ ನಿಂತ ಅತ್ತೆ ಕೊನೆಯ ಹತ್ತು ನಿಮಿಷದಲ್ಲಿ ಕರಗಿ ನೀರಾದಳು. ಹುಡುಗ ಬಸ್‌ಸ್ಟ್ಯಾಂಡಿಗೆ ಓಡಿದ. ಹುಡುಗಿಯ ಕೈಯನ್ನು ಅವನ ಕೈಯಲ್ಲಿಟ್ಟರು. ದೀಪ, ಹೂವು, ಎಲ್ಲರೂ ನಕ್ಕರು.

"ಮುಗೀತಾ?" ಎಂದರು ಯಜಮಾನರು ಜಗಲಿಯಿಂದ.

"ಮುಗೀತು. ದಂಡ."

"ಯಾಕೆ, ಮದುವೆ ಆಗ್ಲಿಲ್ವಾ?"

"ಆಯ್ತು. ಎಲ್ರೂ ಎಲ್ಲಾರ್ನೂ ಕೇಳಿದ್ರು, ಆ ಹುಡುಗಿನ ಬುಟ್ಟು."

ಟೀವಿ ಆರಿಸಿ, ಅದರ ಮೇಲೆ ಉಳಿದಿದ್ದ ಹಳೇ ನಾರಿನ ಪುಡಿ ಒರೆಸಿದೆ.